ಸೋನೋಗ್ರಫಿ ಕಲಿಯಬೇಕು ಅಂತಿದ್ದೀರಾ? ಮುಂಬೈ, ಪುಣೆಯ ಕನ್ನಡದ ಮಕ್ಕಳಿಗೆ ದಾರಿಗಳ ಹೋಲಿಕೆ

ಹನ್ನೆರಡನೆಯ ರಿಸಲ್ಟ್ ಬಂದ ಮೇಲೆ ಮುಂಬೈ, ಪುಣೆ ಕಡೆಯ ನಮ್ಮ ಜನ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮಗಳಿಗೆ ಸೈನ್ಸ್ ಇಷ್ಟ. ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಸೋನೋಗ್ರಫಿ, ಅಂದರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದನ್ನು, ಕಲಿಸಿದರೆ ಹೇಗೆ? ಎಷ್ಟೋ ಸಲ ಈ ಪ್ರಶ್ನೆಯ ಹಿಂದೆ ಟೊರಾಂಟೊದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅತ್ತೆ ಮಗಳೊಬ್ಬಳು ಇರುತ್ತಾಳೆ. ಅವಳು ಅಲ್ಲಿ ಸೋನೋಗ್ರಾಫರ್. ಒಳ್ಳೆಯ ಸಂಬಳ, ಒಳ್ಳೆಯ ಮರ್ಯಾದೆ. ಇವಳೂ ಹಾಗೇ ಆಗಲಿ ಅನ್ನುವ ಆಸೆ ತಂದೆತಾಯಿಗೆ.

ಆಸೆ ತಪ್ಪಲ್ಲ. ನಾನು ರೇಡಿಯಾಲಜಿ ವಿಭಾಗದಲ್ಲೇ ಕೆಲಸ ಮಾಡುವವಳು. ಈ ಕ್ಷೇತ್ರಕ್ಕೆ ನಮ್ಮ ಮಕ್ಕಳು ಇನ್ನೂ ಜಾಸ್ತಿ ಬರಬೇಕು ಎಂದು ಮನಸಾರೆ ಬಯಸುತ್ತೇನೆ. ಆದರೆ ಒಂದು ವಿಷಯ ಮೊದಲೇ ಗೊತ್ತಿರಬೇಕು. ಟೊರಾಂಟೊದಲ್ಲಿ ಪ್ರೋಬ್, ಅಂದರೆ ಮೈಮೇಲೆ ಇಟ್ಟು ನೋಡುವ ಉಪಕರಣ, ಹಿಡಿದು ಸ್ಕ್ಯಾನ್ ಮಾಡುವುದು ಡಾಕ್ಟರ್ ಅಲ್ಲದ ಟೆಕ್ನಾಲಜಿಸ್ಟ್. ಮುಂಬೈ ಪಕ್ಕದ ಠಾಣೆಯಲ್ಲಿ ಅದೇ ಪ್ರೋಬ್ ಹಿಡಿಯುವುದು ಡಾಕ್ಟರ್. ಇದು ರೂಢಿಯ ಮಾತಲ್ಲ, ಇದರ ಹಿಂದೆ ಕಾನೂನಿದೆ. ಹಾಗಾಗಿ ಯಾವ ಕಾಲೇಜು ಎಂದು ಕೇಳುವ ಮೊದಲು, ಯಾವ ದೇಶದಲ್ಲಿ ಕೆಲಸ ಮಾಡುವ ಮನಸ್ಸಿದೆ ಎಂದು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಆ ಉತ್ತರದ ಮೇಲೆ ಕೋರ್ಸ್ ಬದಲಾಗುತ್ತದೆ.

ಕಾನೂನು ಏನು ಹೇಳುತ್ತದೆ

ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ನೋಡಿ ಹೆಣ್ಣನ್ನು ತೆಗೆಸುವ ಪಿಡುಗಿನ ವಿರುದ್ಧ ಮೊದಲು ಕಾನೂನು ಮಾಡಿದ ರಾಜ್ಯ ಮಹಾರಾಷ್ಟ್ರ, 1988ರಲ್ಲಿ. ಆಮೇಲೆ 1994ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಈಗ ಎಲ್ಲರೂ ಪಿಸಿಪಿಎನ್‌ಡಿಟಿ ಕಾಯ್ದೆ ಎಂದು ಕರೆಯುವುದು ಇದನ್ನೇ. ಸೋನೋಗ್ರಫಿ ಸೆಂಟರ್ ನೋಂದಣಿ ಆಗಿರಬೇಕು. ಮಷಿನ್‌ಗಳ ವಿವರ ಆ ನೋಂದಣಿಯಲ್ಲಿ ಇರಬೇಕು. ಸ್ಕ್ಯಾನ್ ಮಾಡುವವರು ನಿಯಮ ಹೇಳಿದ ತರಬೇತಿ ಪಡೆದ, ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರಿರುವ ಡಾಕ್ಟರ್ ಆಗಿರಬೇಕು. ಬರೀ ಎಂಬಿಬಿಎಸ್ ಆದವರೂ ಸುಮ್ನೆ ಪ್ರೋಬ್ ಹಿಡಿಯುವಂತಿಲ್ಲ. ಅವರಿಗೆ ಆರು ತಿಂಗಳ ತರಬೇತಿಯ ನಿಯಮವನ್ನು 2014ರಲ್ಲಿ ತಂದರು. ಒಬ್ಬ ಡಾಕ್ಟರ್ ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಸೆಂಟರ್‌ಗಳಲ್ಲಿ ಸ್ಕ್ಯಾನ್ ಮಾಡುವಂತಿಲ್ಲ. ಡಾಕ್ಟರಿಗೇ ಇಷ್ಟು ಬಿಗಿ ಇರುವಾಗ ಟೆಕ್ನಾಲಜಿಸ್ಟ್ ಕೈಗೆ ಪ್ರೋಬ್ ಬರುವುದು ಎಲ್ಲಿಂದ?

"ಗರ್ಭಿಣಿಯರ ಸ್ಕ್ಯಾನ್ ಬೇಡ, ಕಿಡ್ನಿ ಕಲ್ಲು, ಲಿವರ್ ಮಾತ್ರ ನೋಡುತ್ತೇನೆ" ಎನ್ನುವವರಿದ್ದಾರೆ. ಕಿಡ್ನಿ ತೋರಿಸುವ ಮಷಿನ್ನೇ ಗರ್ಭವನ್ನೂ ತೋರಿಸುತ್ತದೆ. ಕಾನೂನಿನ ಕಣ್ಣು ಇರುವುದು ಆ ಮಷಿನ್ ಮೇಲೆ. ಅದಕ್ಕೇ ಹೊಟ್ಟೆಯ ಸೋನೋಗ್ರಫಿಯನ್ನೂ ಇಲ್ಲಿನ ಆಸ್ಪತ್ರೆಗಳು ಡಾಕ್ಟರ ಕೈಯಲ್ಲೇ ಮಾಡಿಸುತ್ತವೆ.

ಶಿಕ್ಷೆ ಡಾಕ್ಟರಿಗೆ ಮಾತ್ರ ಎಂದುಕೊಳ್ಳಬೇಡಿ. ಸೆಂಟರ್‌ನಲ್ಲಿ ತಾಂತ್ರಿಕ ಕೆಲಸ ಮಾಡುವವರೂ ಈ ಕಾಯ್ದೆಯ ಒಳಗೇ ಬರುತ್ತಾರೆ. ಮೊದಲ ತಪ್ಪಿಗೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 5 ವರ್ಷದವರೆಗೆ ಜೈಲು, 50,000ದವರೆಗೆ ದಂಡ. ಮಗುವಿನ ಲಿಂಗವನ್ನು ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಸನ್ನೆಯಲ್ಲಿ ಸೂಚಿಸುವುದೂ ಅಪರಾಧ. ಈ ಕಾಯ್ದೆ ನಮ್ಮ ಕೆಲಸದ ಅವಕಾಶ ಕಡಿಮೆ ಮಾಡಿದೆ ಎಂದು ಕೆಲವು ಟೆಕ್ನಾಲಜಿಸ್ಟ್‌ಗಳು ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಆ ಬೇಸರ ಇಲ್ಲ. ಹುಟ್ಟಬೇಕಾದ ಹೆಣ್ಣುಮಕ್ಕಳ ಜೀವಕ್ಕಿಂತ ನಮ್ಮ ಹುದ್ದೆ ದೊಡ್ಡದಲ್ಲ.

ಹಾಗಾದರೆ ಸೋನೋಗ್ರಫಿ ಕೋಣೆಯಲ್ಲಿ ಡಾಕ್ಟರ್ ಅಲ್ಲದವರ ಕೆಲಸ ಏನು? ಕೆಲಸ ಇದೆ, ಮತ್ತು ಅದು ಸಣ್ಣದಲ್ಲ. ಗರ್ಭಿಣಿಯರ ಸ್ಕ್ಯಾನಿಗೆ ಈ ಕಾಯ್ದೆ ಕೇಳುವ ದಾಖಲೆ, ಫಾರ್ಮ್ ಎಫ್, ತುಂಬಿಸಬೇಕು. ತಿಂಗಳ ವರದಿಯನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಕಳಿಸಬೇಕು. ದಾಖಲೆಗಳನ್ನು 2 ವರ್ಷ ಜೋಪಾನ ಮಾಡಬೇಕು. ಫಾರ್ಮ್ ಎಫ್‌ನಲ್ಲಿ ಬಿಟ್ಟುಹೋದದ್ದನ್ನು ಬರೀ ಕಾಗದದ ತಪ್ಪು ಎಂದು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಇದರ ಜೊತೆಗೆ ಪೇಷಂಟ್‌ಗಳನ್ನು ತಯಾರು ಮಾಡುವುದು, ಪ್ರೋಬ್ ಸ್ವಚ್ಛ ಮಾಡುವುದು, ರಿಪೋರ್ಟ್ ಟೈಪ್ ಮಾಡುವುದು ಎಲ್ಲ ಇರುತ್ತದೆ. ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದ ಹೆಣ್ಣುಮಕ್ಕಳಿದ್ದಾರೆ. ಎಷ್ಟೋ ಜನಕ್ಕೆ ಮರಾಠಿ ಬರುವುದಿಲ್ಲ. "ನೀರು ಕುಡೀರಿ ಅಕ್ಕಾ, ಮೂತ್ರಕ್ಕೆ ಈಗಲೇ ಹೋಗಬ್ಯಾಡ್ರಿ, ಹೊಟ್ಟಿ ತುಂಬಿದ್ರ ಕೂಸು ಚೊಲೋ ಕಾಣ್ತದ" ಎಂದು ಅವರ ಮಾತಿನಲ್ಲೇ ಹೇಳುವವರೊಬ್ಬರು ಅಲ್ಲಿದ್ದರೆ ಅವರ ಮುಖದ ಭಯ ಅರ್ಧ ಇಳಿಯುತ್ತದೆ. ಆದರೂ ಒಪ್ಪಿಕೊಳ್ಳಬೇಕು. ಇದು ಸಹಾಯಕರ ಕೆಲಸ. ಸಂಬಳವೂ ಹಾಗೇ ಇರುತ್ತದೆ. ಟೊರಾಂಟೊದ ಅತ್ತೆ ಮಗಳ ಕೆಲಸ ಇದಲ್ಲ.

ಆರು ತಿಂಗಳ, ಒಂದು ವರ್ಷದ "ಸೋನೋಗ್ರಫಿ ಡಿಪ್ಲೊಮಾ"

ಸ್ಟೇಷನ್ ಪಕ್ಕದ ಬೋರ್ಡಿನಲ್ಲಿ, ಲೋಕಲ್ ಟ್ರೇನಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಇಂಥ ಕೋರ್ಸ್‌ಗಳ ಜಾಹೀರಾತು ಕಾಣುತ್ತದೆ. ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಪಾಸಾದರೆ ಸಾಕು, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದು ಬರೆದಿರುತ್ತಾರೆ. ದಯವಿಟ್ಟು ಇದಕ್ಕೆ ದುಡ್ಡು ಕಟ್ಟಬೇಡಿ. ಈ ಸರ್ಟಿಫಿಕೇಟ್ ಹಿಡಿದು ಭಾರತದಲ್ಲಿ ಸ್ಕ್ಯಾನ್ ಮಾಡುವ ಹಕ್ಕು ಸಿಗುವುದಿಲ್ಲ. ವಿದೇಶದ ಪರೀಕ್ಷೆಗಳಿಗೂ ಇದು ಸಾಲುವುದಿಲ್ಲ.

ಇದನ್ನು ಅಳೆಯಲು ಒಂದು ಕೋಲು ಇದೆ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗಾಗಿ, ಅಂದರೆ ಡಾಕ್ಟರ್, ನರ್ಸ್ ಅಲ್ಲದ ಆರೋಗ್ಯ ವೃತ್ತಿಗಳಿಗಾಗಿ, ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಯವರ ಡಿಪ್ಲೊಮಾ ಅಥವಾ ಡಿಗ್ರಿ ಕನಿಷ್ಠ 2,000 ಗಂಟೆಯದ್ದಾಗಿರಬೇಕು, 2ರಿಂದ 4 ವರ್ಷದಲ್ಲಿ ಹರಡಿರಬೇಕು. ಹೆಲ್ತ್‌ಕೇರ್ ವೃತ್ತಿಯವರದ್ದು ಡಿಗ್ರಿಯೇ ಆಗಿರಬೇಕು, ಕನಿಷ್ಠ 3,600 ಗಂಟೆ, 3ರಿಂದ 6 ವರ್ಷ. ಆರು ತಿಂಗಳ ಕೋರ್ಸ್ ಇದರ ಹತ್ತಿರವೂ ಬರುವುದಿಲ್ಲ, ಅಲ್ವಾ? ಈ ಕಾಯ್ದೆಯ ಪಟ್ಟಿಯಲ್ಲಿ ಡಯಾಗ್ನಾಸ್ಟಿಕ್ ಮೆಡಿಕಲ್ ಸೋನೋಗ್ರಾಫರ್ ಎಂಬ ಹೆಸರೂ ಇದೆ. ಜಾಹೀರಾತಿನವರು ಇದನ್ನೇ ತೋರಿಸಿ "ಈಗ ಸರ್ಕಾರವೇ ಒಪ್ಪಿದೆ" ಎನ್ನಬಹುದು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಪಿಸಿಪಿಎನ್‌ಡಿಟಿ ಕಾಯ್ದೆ ಸಡಿಲ ಆಗಿಲ್ಲ. ಎರಡೂ ಒಟ್ಟಿಗೇ ಜಾರಿಯಲ್ಲಿವೆ.

ಮೂರು ವರ್ಷದ ಇಮೇಜಿಂಗ್ ಡಿಗ್ರಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹನ್ನೆರಡನೆಯ ತರಗತಿ ಮುಗಿಸಿದ ಹೆಚ್ಚಿನ ಮಕ್ಕಳಿಗೆ ಸರಿಯಾದ ದಾರಿ ಇದೇ. ಇದರ ಹೆಸರು ಒಂದೊಂದು ಕಡೆ ಒಂದೊಂದು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬಿ.ಎಸ್ಸಿ. ಮೆಡಿಕಲ್ ರೇಡಿಯಾಲಜಿ ಅಂಡ್ ಇಮೇಜಿಂಗ್ ಟೆಕ್ನಾಲಜಿ. ಮಣಿಪಾಲದಲ್ಲಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿಪಿಎಂಟಿ, ಅಂದರೆ ಬ್ಯಾಚುಲರ್ ಇನ್ ಪ್ಯಾರಾಮೆಡಿಕಲ್ ಟೆಕ್ನಾಲಜಿ, ಅದರಲ್ಲಿ ರೇಡಿಯೋಗ್ರಫಿ ಶಾಖೆ. ಸಾಮಾನ್ಯವಾಗಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹನ್ನೆರಡನೆಯದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು.

ಇಲ್ಲಿ ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ., ಮ್ಯಾಮೋಗ್ರಫಿ ಕಲಿಸುತ್ತಾರೆ. ಅಲ್ಟ್ರಾಸೌಂಡ್‌ನ ಫಿಸಿಕ್ಸ್ ಮತ್ತು ತತ್ವಗಳೂ ಪಾಠದಲ್ಲಿ ಬರುತ್ತವೆ. ಅದರ ಸ್ಕ್ಯಾನಿಂಗ್ ಮಾತ್ರ ಡಾಕ್ಟರ್ ಮಾಡುವುದನ್ನು ನೋಡಿ ಕಲಿಯುವಷ್ಟೇ. ಸೋನೋಗ್ರಫಿಯನ್ನೇ ಬಯಸಿ ಬಂದವರಿಗೆ ಇದು ನಿರಾಸೆ ಅನಿಸಬಹುದು. ಆದರೆ ಸಿ.ಟಿ., ಎಂ.ಆರ್.ಐ. ಕೋಣೆಯಲ್ಲಿ ಮಷಿನ್ ನಡೆಸುವುದು ಟೆಕ್ನಾಲಜಿಸ್ಟೇ. ಪೊಸಿಷನ್ ಕೊಡುವುದು, ಪ್ರೊಟೊಕಾಲ್ ಆರಿಸುವುದು, ಚಿತ್ರ ಸರಿ ಬಂತೋ ಇಲ್ಲವೋ ನೋಡುವುದು ಎಲ್ಲ ನಮ್ಮದೇ ಜವಾಬ್ದಾರಿ. ಕೈಗೆ, ತಲೆಗೆ ಎರಡಕ್ಕೂ ಕೆಲಸ ಇರುವ ವೃತ್ತಿ ಇದು. ಈ ಡಿಗ್ರಿ ಇದ್ದರೆ ಆಮೇಲೆ ವಿದೇಶದಲ್ಲಿ ಸೋನೋಗ್ರಫಿಗೆ ಹೋಗುವ ಬಾಗಿಲೂ ತೆರೆದಿರುತ್ತದೆ.

ಎಕ್ಸ್‌ರೇ, ಸಿ.ಟಿ. ಅಂದ ಕೂಡಲೇ "ರೇಡಿಯೇಷನ್ ಅಲ್ವಾ, ಹುಡುಗಿಗೆ ಆಗುತ್ತಾ?" ಎಂದು ಅಜ್ಜಿಯಂದಿರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ.ನಲ್ಲಿ ಅಂಥ ವಿಕಿರಣ ಇಲ್ಲ. ಎಕ್ಸ್‌ರೇ, ಸಿ.ಟಿ.ಯಲ್ಲಿ ಇದೆ. ಅದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಟ್ಟುನಿಟ್ಟಿನ ಮಿತಿಗಳಿವೆ. ಕೆಲಸ ಮಾಡುವವರಿಗೆ ತಗಲುವ ವಿಕಿರಣ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ದಾಟಬಾರದು, ಐದು ವರ್ಷದ ಸರಾಸರಿ ವರ್ಷಕ್ಕೆ 20 ದಾಟಬಾರದು. ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಇದನ್ನು ಲೆಕ್ಕ ಇಡುತ್ತದೆ. ಗರ್ಭಿಣಿಯಾದರೆ ವಿಭಾಗಕ್ಕೆ ತಿಳಿಸಬೇಕು, ಕೆಲಸದ ಜಾಗ ಬದಲಿಸಿ ಕೊಡುತ್ತಾರೆ. ನಿಯಮ ಪಾಲಿಸುವ ಆಸ್ಪತ್ರೆಯಲ್ಲಿ ಹೆದರುವ ಕಾರಣ ಇಲ್ಲ. ಬ್ಯಾಡ್ಜ್ ಕೊಡದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲೇಬೇಡಿ.

ಊರಿನ ಪ್ರಶ್ನೆಗೆ ಬರೋಣ. ಸರ್ಕಾರಿ ಮೆಡಿಕಲ್ ಕಾಲೇಜಿನ ಬಿಪಿಎಂಟಿ ಸೀಟು ಸಿಕ್ಕರೆ ಬೇರೇನೂ ಯೋಚಿಸಬೇಡಿ. ಮುಂಬೈಯ ಜೆ.ಜೆ. ಆಸ್ಪತ್ರೆಗೆ ಸೇರಿದ ಗ್ರ್ಯಾಂಟ್ ಮೆಡಿಕಲ್ ಕಾಲೇಜು, ಪುಣೆಯ ಸಸೂನ್ ಆಸ್ಪತ್ರೆಗೆ ಸೇರಿದ ಬಿ.ಜೆ. ಮೆಡಿಕಲ್ ಕಾಲೇಜು ಇಂಥ ಕಡೆ ಪೇಷಂಟ್‌ಗಳ ಸಂಖ್ಯೆ ಅಪಾರ. ಬೆಳಿಗ್ಗೆಯಿಂದ ಸಂಜೆಯ ತನಕ ಕೈಗೆ ಬಿಡುವಿರುವುದಿಲ್ಲ. ಫೀಸು ಕಡಿಮೆ, ಕಲಿಕೆ ಜಾಸ್ತಿ. ಎಲ್ಲ ಶಾಖೆಗಳೂ ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ, ಹಾಗಾಗಿ ಆ ವರ್ಷದ ಮಾಹಿತಿ ಪುಸ್ತಕ ನೋಡಿ ಕಾಲೇಜು ಬರೆಯಿರಿ. ಡೊಮಿಸಾಯಿಲ್, ಅಂದರೆ ರಾಜ್ಯದಲ್ಲಿ ವಾಸದ, ಸರ್ಟಿಫಿಕೇಟ್ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಮುಂಬೈಯಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಇದೊಂದು ಕಾಗದಕ್ಕಾಗಿ ಕೊನೆಯ ವಾರ ತಹಶೀಲ್ದಾರ್ ಕಚೇರಿಗೆ ಓಡಾಡುವುದನ್ನು ನೋಡಿದ್ದೇನೆ.

ಖಾಸಗಿಯಲ್ಲಿ ನವಿ ಮುಂಬೈ ಕಡೆಯವರಿಗೆ ಕಾಮೋಠೆಯ ಎಂಜಿಎಂ ಹತ್ತಿರ. ಪುಣೆಯಲ್ಲಿ ಆಯ್ಕೆಗಳು ಹಲವು. ಅಲ್ಲಿ ಕಾಲೇಜಿನ ಹೆಸರಿಗಿಂತ ಅದಕ್ಕೆ ಸ್ವಂತ ಆಸ್ಪತ್ರೆ ಇದೆಯಾ ಎಂದು ನೋಡಿ. ಗೋವಾದಲ್ಲಿ ನೆಲೆಸಿದ ವಾಸ್ಕೊ, ಮಡಗಾಂವ್ ಕಡೆಯ ಕನ್ನಡಿಗರು ಮೊದಲು ನೋಡಬೇಕಾದದ್ದು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಅಲ್ಲಿ ಸೀಟು ಕಡಿಮೆ, ಗೋವಾ ವಾಸದ ದಾಖಲೆ ಬೇಕು. ಊರಿಗೆ ವಾಪಸ್ ಕಳಿಸಿ ಓದಿಸುವುದಾದರೆ ಮಣಿಪಾಲ, ಮಂಗಳೂರು ಇವೆ. ಉಡುಪಿ, ಕುಂದಾಪುರ ಕಡೆಯ ಮುಂಬೈ ಮನೆಗಳಿಗೆ ಇದು ಸಹಜ ಆಯ್ಕೆ. ಅಜ್ಜಿಯ ಮನೆಯಲ್ಲಿ ಉಳಿದು ಓದಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಮುಂಬೈ, ಪುಣೆಯ ನಮ್ಮ ಸಮಾಜದ ಸಂಘಗಳಲ್ಲಿ ಹಲವು ವಿದ್ಯಾರ್ಥಿವೇತನ ಕೊಡುತ್ತವೆ. ಎಂಜಿನಿಯರಿಂಗ್, ಮೆಡಿಕಲ್ ಮಕ್ಕಳಷ್ಟೇ ಅರ್ಜಿ ಹಾಕುವುದು ಎಂದುಕೊಂಡು ನಮ್ಮ ಪ್ಯಾರಾಮೆಡಿಕಲ್ ಮಕ್ಕಳು ಸುಮ್ಮನಿರುತ್ತಾರೆ. ಸುಮ್ಮನಿರಬೇಡಿ, ಹೋಗಿ ಕೇಳಿ.

ಎಕೋ: ಭಾರತದಲ್ಲೇ ಪ್ರೋಬ್ ಹಿಡಿಯುವ ದಾರಿ

ಪ್ರೋಬ್ ಕೈಯಲ್ಲಿ ಹಿಡಿಯಲೇಬೇಕು, ದೇಶವನ್ನೂ ಬಿಡಬಾರದು ಎನ್ನುವವರಿಗೆ ಹತ್ತಿರದ ದಾರಿ ಹೃದಯದ್ದು. ಎಕೋ ಕೂಡ ಅಲ್ಟ್ರಾಸೌಂಡೇ. ದೊಡ್ಡ ಹೃದಯ ಆಸ್ಪತ್ರೆಗಳಲ್ಲಿ ಎಕೋ ಟೆಕ್ನೀಷಿಯನ್ ಹುದ್ದೆ ಇದೆ. ಪೇಷಂಟ್‌ನ್ನು ಎಡಮಗ್ಗುಲಿಗೆ ಮಲಗಿಸಿ, ಪಕ್ಕೆಲುಬುಗಳ ನಡುವಿನ ಸಂದಿಯಲ್ಲಿ ಪ್ರೋಬ್ ಇಟ್ಟು, ಹೃದಯದ ಕೋಣೆಗಳನ್ನು, ಕವಾಟಗಳನ್ನು ನೋಡಿ ಅಳತೆ ತೆಗೆಯುತ್ತಾರೆ. ಕಾರ್ಡಿಯಾಲಜಿಸ್ಟ್ ಪರಿಶೀಲಿಸಿ ರಿಪೋರ್ಟಿಗೆ ಸಹಿ ಹಾಕುತ್ತಾರೆ. ಎಕೋ ಮಷಿನ್ ಕೂಡ ಪಿಸಿಪಿಎನ್‌ಡಿಟಿಯಲ್ಲಿ ನೋಂದಣಿ ಆಗಿರಲೇಬೇಕು. ಗರ್ಭದಲ್ಲಿರುವ ಮಗುವಿನ ಹೃದಯದ ಎಕೋಗೆ ಟೆಕ್ನೀಷಿಯನ್ ಕೈ ಹಾಕುವಂತಿಲ್ಲ. ಈ ಗೆರೆ ಸ್ಪಷ್ಟವಾಗಿ ಗೊತ್ತಿರಲಿ.

ಇದಕ್ಕೆ ಇಮೇಜಿಂಗ್ ಡಿಗ್ರಿ ಅಲ್ಲ, ಕಾರ್ಡಿಯಾಕ್ ಕೇರ್ ಅಥವಾ ಕಾರ್ಡಿಯೋವ್ಯಾಸ್ಕುಲರ್ ಟೆಕ್ನಾಲಜಿಯ ಬಿ.ಎಸ್ಸಿ. ಬೇಕು. ಬಿಪಿಎಂಟಿಯಲ್ಲೂ ಕಾರ್ಡಿಯಾಲಜಿ ಶಾಖೆ ಇದೆ. ಇ.ಸಿ.ಜಿ., ಟ್ರೆಡ್‌ಮಿಲ್ ಟೆಸ್ಟ್, ಮೈಗೆ ಕಟ್ಟಿಕೊಂಡು ಓಡಾಡುವ ಇ.ಸಿ.ಜಿ.ಯಾದ ಹೋಲ್ಟರ್, ಆಂಜಿಯೋಗ್ರಫಿ ಮಾಡುವ ಕ್ಯಾಥ್ ಲ್ಯಾಬ್ ಎಲ್ಲ ಒಟ್ಟಿಗೆ ಕಲಿಯುತ್ತೀರಿ. ಇಮೇಜಿಂಗ್ ಮತ್ತು ಎಕೋ, ಎರಡರ ನಡುವೆ ಆರಿಸುವಾಗ ನಿಮ್ಮ ಸ್ವಭಾವ ನೋಡಿಕೊಳ್ಳಿ. ಸಿ.ಟಿ. ಕೋಣೆಯಲ್ಲಿ ಚಿತ್ರ ತೆಗೆಯುವ ಕ್ರಮ ಮೊದಲೇ ಗೊತ್ತುಮಾಡಿದ್ದು. ಎಕೋದಲ್ಲಿ ಚಿತ್ರ ಸಿಗುವುದು ನಿಮ್ಮ ಕೈ ಎಷ್ಟು ಹದವಾಗಿ ವಾಲುತ್ತದೆ ಎಂಬುದರ ಮೇಲೆ. ವೀಣೆ ಕಲಿತವರ ಬೆರಳಿನ ಹಾಗೆ, ಅದು ದಿನವೂ ಮಾಡಿ ಮಾಡಿ ಬರುವ ವಿದ್ಯೆ. ಕ್ಯಾಥ್ ಲ್ಯಾಬ್‌ನಲ್ಲಿ ಹಾರ್ಟ್ ಅಟ್ಯಾಕ್ ಆದವರು ರಾತ್ರಿ ಎರಡು ಗಂಟೆಗೂ ಬರುತ್ತಾರೆ. ತುರ್ತಿನಲ್ಲಿ ತಲೆ ತಣ್ಣಗೆ ಇಟ್ಟುಕೊಳ್ಳುವವರಿಗೆ ಹೇಳಿ ಮಾಡಿಸಿದ ಕೆಲಸ. ವಿದೇಶಕ್ಕೆ ಹೋಗುವ ಯೋಚನೆ ಆಮೇಲೆ ಬಂದರೂ, ಇಲ್ಲಿ ನಿಜವಾಗಿ ಮಾಡಿದ ಎಕೋ ಅನುಭವ ಜೊತೆಗಿರುತ್ತದೆ. ಹೊಟ್ಟೆಯ ಸೋನೋಗ್ರಫಿಯಲ್ಲಿ ಆ ಅನುಭವ ಗಳಿಸಲು ಇಲ್ಲಿ ದಾರಿಯೇ ಇಲ್ಲ. ಇದೇ ಎಕೋದ ದೊಡ್ಡ ಲಾಭ.

ವಿದೇಶಕ್ಕೆ ಹೋಗುವುದಾದರೆ

ಇಲ್ಲಿ ಏಜೆಂಟರ ಮಾತಿಗಿಂತ ಆಯಾ ದೇಶದ ನೋಂದಣಿ ಸಂಸ್ಥೆಯ ನಿಯಮ ಓದಿ. ಒಂದೊಂದು ದೇಶದ ಲೆಕ್ಕ ಬೇರೆ ಬೇರೆ.

ಅಮೆರಿಕದಲ್ಲಿ ಆಸ್ಪತ್ರೆಗಳು ಹೆಚ್ಚಾಗಿ ಕೇಳುವುದು 1975ರಲ್ಲಿ ಶುರುವಾದ ಎಆರ್‌ಡಿಎಂಎಸ್ ಸಂಸ್ಥೆಯ ಪ್ರಮಾಣಪತ್ರ. ಅದಕ್ಕೆ ಎರಡು ಪರೀಕ್ಷೆ ಪಾಸಾಗಬೇಕು. ಒಂದು ಎಸ್‌ಪಿಐ, ಅದು ಪೂರ್ತಿ ಅಲ್ಟ್ರಾಸೌಂಡ್ ಫಿಸಿಕ್ಸ್ ಮತ್ತು ಮಷಿನ್ ಬಗ್ಗೆ. ಇನ್ನೊಂದು ನೀವು ಆರಿಸಿದ ವಿಭಾಗದ್ದು, ಹೊಟ್ಟೆ, ಹೆರಿಗೆ, ಹೃದಯ ಹೀಗೆ. ಎರಡನ್ನೂ 5 ವರ್ಷದೊಳಗೆ ಮುಗಿಸಬೇಕು. ಪುಸ್ತಕ ಓದಿ ಪಾಸಾಗಬಹುದು, ಆದರೆ ಪರೀಕ್ಷೆಗೆ ಕೂರಲು ಅರ್ಹತೆ ಬೇಕಲ್ಲ. ಅಲ್ಲಿನ ಮಾನ್ಯತೆ ಪಡೆದ ಕೋರ್ಸ್ ಮಾಡಿರಬೇಕು. ಇಲ್ಲವೇ ಬೇರೆ ಡಿಗ್ರಿಯ ಜೊತೆಗೆ ಹನ್ನೆರಡು ತಿಂಗಳ ಪೂರ್ಣಾವಧಿ ಸ್ಕ್ಯಾನಿಂಗ್ ಅನುಭವ ಬೇಕು. ಪೂರ್ಣಾವಧಿ ಎಂದರೆ ವಾರಕ್ಕೆ 35 ಗಂಟೆ, 48 ವಾರ, ಒಟ್ಟು 1,680 ಗಂಟೆ. ಭಾರತದಲ್ಲಿ ಟೆಕ್ನಾಲಜಿಸ್ಟ್ ಆಗಿ ಹೊಟ್ಟೆ, ಹೆರಿಗೆ ವಿಭಾಗದ ಈ ಅನುಭವವನ್ನು ಕಾನೂನಿನೊಳಗೆ ಪಡೆಯಲು ಆಗುವುದಿಲ್ಲ.

ಇಲ್ಲೇ ಮೋಸ ನಡೆಯುವುದು. "ಕೋಚಿಂಗ್ ಕೊಡ್ತೀವಿ, ಅನುಭವದ ಪತ್ರವನ್ನೂ ಮಾಡಿಸಿಕೊಡ್ತೀವಿ" ಎನ್ನುವವರಿದ್ದಾರೆ. ಅಂಥ ಪತ್ರ ಸುಳ್ಳಾದರೆ ನಿಮ್ಮ ಪ್ರಮಾಣಪತ್ರ ಹೋಗುತ್ತದೆ. ನಿಜವಾದರೆ ಇಲ್ಲಿ ಕಾನೂನು ಮುರಿದ ಪುರಾವೆ ನೀವೇ ಬರೆದುಕೊಟ್ಟ ಹಾಗೆ. ಎರಡೂ ಬೇಡ. ಅಪ್ಪ ಹೋಟೆಲಿನಲ್ಲಿ ಹದಿನಾಲ್ಕು ಗಂಟೆ ನಿಂತು ದುಡಿದ ಹಣ ಇಂಥ ಕಡೆ ಹೋಗುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಮದುವೆಯಾಗಿ ಅಮೆರಿಕಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಬೇರೆ ಸಲಹೆ. ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕೆಲಸ ಮಾಡಲು ಬೇರೆ ಅನುಮತಿ ಬೇಕು, ಆದರೆ ಓದಬಹುದು. ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಸುಮಾರು ಎರಡು ವರ್ಷದ ಸೋನೋಗ್ರಫಿ ಕೋರ್ಸ್‌ಗಳಿವೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಕೋರ್ಸಿಗೆ ಸಿಎಎಎಚ್‌ಇಪಿ ಎಂಬ ಸಂಸ್ಥೆಯ ಮಾನ್ಯತೆ ಇದೆಯಾ ಎಂದು ಮೊದಲು ನೋಡಿ. ಇದ್ದರೆ 1,680 ಗಂಟೆಯ ತಲೆನೋವು ಇಲ್ಲ, ಅನುಭವ ಕೋರ್ಸಿನೊಳಗೇ ಸಿಗುತ್ತದೆ. ಇಲ್ಲಿಂದ ಇಮೇಜಿಂಗ್ ಡಿಗ್ರಿ ಮಾಡಿಕೊಂಡು ಹೋದವರಿಗೆ ಅನಾಟಮಿ, ಫಿಸಿಕ್ಸ್ ಎಲ್ಲ ಪರಿಚಿತವೇ ಆಗಿರುತ್ತದೆ.

ಕೆನಡಾದಲ್ಲಿ ಸೋನೋಗ್ರಫಿ ಕೆನಡಾ ಎಂಬ ಸಂಸ್ಥೆ ಪರೀಕ್ಷೆ ನಡೆಸುತ್ತದೆ. ಜನರಲಿಸ್ಟ್, ಕಾರ್ಡಿಯಾಕ್, ವ್ಯಾಸ್ಕುಲರ್ ಎಂದು ಮೂರು ವಿಭಾಗ. ಒಂಟಾರಿಯೊದಲ್ಲಿ 2019ರಿಂದ ಸೋನೋಗ್ರಾಫರ್‌ಗಳು ಸರ್ಕಾರಿ ನಿಯಂತ್ರಣದಲ್ಲಿದ್ದಾರೆ, ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಇಲ್ಲಿಯೂ ನೇರ ಮಾರ್ಗ ಅಲ್ಲೇ ಮಾನ್ಯತೆ ಇರುವ ಕಾಲೇಜಿನಲ್ಲಿ ಓದುವುದು. ಹೆಸರಿನಲ್ಲಿ ಅಲ್ಟ್ರಾಸೌಂಡ್ ಇದೆ, ಮಾನ್ಯತೆ ಇಲ್ಲ ಎಂಬಂಥ ಕಾಲೇಜಿಗೆ ವೀಸಾ ಆಸೆಯಿಂದ ಸೇರಬೇಡಿ.

ನನ್ನ ಮಟ್ಟಿಗೆ ಮುಂಬೈ, ಪುಣೆಯ ಮಧ್ಯಮ ವರ್ಗದ ಮಕ್ಕಳಿಗೆ ಹೆಚ್ಚು ಹೊಂದುವುದು ಬ್ರಿಟನ್ ದಾರಿ. ಕಾರಣ ಇದು. ಮೊದಲು ಇಲ್ಲಿ ಇಮೇಜಿಂಗ್ ಡಿಗ್ರಿ ಮಾಡಿ, ಎಕ್ಸ್‌ರೇ, ಸಿ.ಟಿ.ಯಲ್ಲಿ ಎರಡು ಮೂರು ವರ್ಷ ಕೆಲಸ ಮಾಡುತ್ತೀರಿ. ಆಮೇಲೆ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ರೇಡಿಯೋಗ್ರಾಫರ್ ಆಗಿ ನೋಂದಣಿಗೆ ಅರ್ಜಿ ಹಾಕುತ್ತೀರಿ. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ನೋಂದಣಿ ಆದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು. ಕೆಲಸ ಮಾಡುತ್ತಲೇ ಅಲ್ಟ್ರಾಸೌಂಡ್‌ನ ಪೋಸ್ಟ್‌ಗ್ರ್ಯಾಜುಯೇಟ್ ಕೋರ್ಸ್ ಮಾಡಬಹುದು. ಕೇಸ್ ಎಂಬ ಸಂಸ್ಥೆ ಆ ಕೋರ್ಸ್‌ಗಳಿಗೆ ಮಾನ್ಯತೆ ಕೊಡುತ್ತದೆ. ಆಸ್ಪತ್ರೆಯೇ ನಿಮ್ಮನ್ನು ಕಳಿಸಿ ಓದಿಸಿದರೆ ಸ್ಕ್ಯಾನ್ ಮಾಡಿ ಕಲಿಯುವ ಜಾಗ ಅಲ್ಲೇ ಸಿಗುತ್ತದೆ. ಅಲ್ಲಿ ಸಂಬಳದ ದರ್ಜೆಗೆ ಬ್ಯಾಂಡ್ ಎನ್ನುತ್ತಾರೆ. ಹೊಸ ರೇಡಿಯೋಗ್ರಾಫರ್ ಸಂಬಳ ಬ್ಯಾಂಡ್ 5ರಲ್ಲಿ ಶುರು, ಕಲಿತ ಸೋನೋಗ್ರಾಫರ್ ಬ್ಯಾಂಡ್ 7. ದೊಡ್ಡ ಸಾಲ ಮಾಡಿ ಮೊದಲೇ ವಿದೇಶಿ ಡಿಗ್ರಿ ಮಾಡುವ ಅಗತ್ಯ ಇಲ್ಲ, ಸಂಬಳ ಪಡೆಯುತ್ತಾ ಕಲಿಯುವುದು ಎಷ್ಟೋ ಮೇಲು. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ.

ಆಸ್ಟ್ರೇಲಿಯಾದಲ್ಲಿ ಎಎಸ್‌ಎಆರ್ ಎಂಬ ಸಂಸ್ಥೆ ಸೋನೋಗ್ರಾಫರ್‌ಗಳ ಪಟ್ಟಿ ಇಡುತ್ತದೆ. ಓದಿನ ಸೀಟಿಗಿಂತ ಕ್ಲಿನಿಕ್‌ನಲ್ಲಿ ತರಬೇತಿಯ ಜಾಗ ಹುಡುಕಿಕೊಳ್ಳುವುದೇ ಅಲ್ಲಿ ಕಷ್ಟ. ಎಷ್ಟೋ ಕೋರ್ಸ್‌ಗಳಲ್ಲಿ ಅದು ವಿದ್ಯಾರ್ಥಿಯ ಹೊಣೆ. ಸೇರುವ ಮೊದಲು ಇದೊಂದನ್ನು ಬರಹದಲ್ಲಿ ಕೇಳಿ. ಗಲ್ಫ್ ದೇಶಗಳಿಗೆ ಡೇಟಾಫ್ಲೋ ಎಂಬ ಕಂಪನಿಯಿಂದ ದಾಖಲೆಗಳ ಪರಿಶೀಲನೆ, ಆಮೇಲೆ ಪರೀಕ್ಷೆ, ಆಮೇಲೆ ಲೈಸೆನ್ಸ್. ಇಲ್ಲಿಂದ ಹೋಗುವವರು ಹೆಚ್ಚಾಗಿ ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಕೆಲಸಕ್ಕೇ ಹೋಗುತ್ತಾರೆ.

ಇನ್ನೆರಡು ದಾರಿ

ಭಾರತದಲ್ಲೇ ಇರಬೇಕು, ಗರ್ಭದಲ್ಲಿರುವ ಮಗುವನ್ನೇ ನೋಡಬೇಕು ಎಂಬ ಹಂಬಲ ಬಲವಾಗಿದ್ದರೆ ಡಾಕ್ಟರ್ ಆಗುವುದೊಂದೇ ದಾರಿ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಮೇಲೆ ರೇಡಿಯಾಲಜಿ ಎಂ.ಡಿ. ಮೂರು ವರ್ಷ. ಆಯುರ್ವೇದ, ಹೋಮಿಯೋಪತಿ ಡಿಗ್ರಿ ಮಾಡಿ ಆಮೇಲೆ ಸೋನೋಗ್ರಫಿ ಕಲಿಯಬಹುದು ಎಂದು ಯಾರಾದರೂ ಹೇಳಿದರೆ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ವೈದ್ಯ ಎಂದರೆ ಯಾರು ಎಂಬ ವ್ಯಾಖ್ಯೆ ಓದಲು ಹೇಳಿ. ಅದು ಮೆಡಿಕಲ್ ಕೌನ್ಸಿಲ್ ಪಟ್ಟಿಯ ಡಾಕ್ಟರರನ್ನೇ ಹೆಸರಿಸುತ್ತದೆ.

ಇನ್ನೊಂದು, ಕಡಿಮೆ ಜನಕ್ಕೆ ಗೊತ್ತಿರುವುದು. ಅಲ್ಟ್ರಾಸೌಂಡ್ ಮಷಿನ್ ಮಾರುವ ಕಂಪನಿಗಳಲ್ಲಿ ಅಪ್ಲಿಕೇಶನ್ ಸ್ಪೆಷಲಿಸ್ಟ್ ಎಂಬ ಕೆಲಸ ಇದೆ. ಹೊಸ ಮಷಿನ್ ಬಂದಾಗ ಅದರ ಸೆಟಿಂಗ್, ರಕ್ತದ ಹರಿವು ತೋರಿಸುವ ಡಾಪ್ಲರ್, ಮಾಪನಗಳನ್ನು ಡಾಕ್ಟರರಿಗೆ ವಿವರಿಸುವುದು ಅವರ ಕೆಲಸ. ಇಮೇಜಿಂಗ್ ಡಿಗ್ರಿ, ಫಿಸಿಕ್ಸ್ ಮೇಲೆ ಹಿಡಿತ, ಮಾತಿನ ಚಾತುರ್ಯ, ತಿರುಗಾಟಕ್ಕೆ ಮನಸ್ಸು ಇದ್ದವರಿಗೆ ಒಳ್ಳೆಯದು. ಮುಂಬೈಯಲ್ಲಿದ್ದು ಕನ್ನಡ, ಮರಾಠಿ, ಹಿಂದಿ ಮೂರೂ ಬಲ್ಲವರಿಗೆ ಹುಬ್ಬಳ್ಳಿಯಿಂದ ನಾಸಿಕ್ ತನಕ ಓಡಾಡುವುದು ಸಲೀಸು.

ಅರ್ಜಿ ಹಾಕುವ ಮೊದಲು

ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ರೇಡಿಯಾಲಜಿ ವಿಭಾಗ ತೋರಿಸಿ ಎನ್ನಿ. ಸಿ.ಟಿ., ಎಂ.ಆರ್.ಐ. ಕಾಲೇಜಿನದ್ದೇ ಆಸ್ಪತ್ರೆಯಲ್ಲಿ ಇದೆಯಾ, ಹೊರಗೆ ಕಳಿಸುತ್ತಾರಾ? ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಯಾವುದು? ಇಂಟರ್ನ್‌ಶಿಪ್‌ನಲ್ಲಿ ಎಷ್ಟು ದಿನ ಯಾವ ಕೋಣೆ? ಕೊನೆಯ ವರ್ಷದ ಮಕ್ಕಳೊಂದಿಗೆ ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಕೌನ್ಸೆಲರ್ ಹೇಳದ ಎಲ್ಲವೂ ತಿಳಿಯುತ್ತದೆ. ಸೇರಿದ ಮೇಲೆ ಲಾಗ್‌ಬುಕ್ ದಿನವೂ ಬರೆಯಿರಿ, ಸಹಿ ಅಂದೇ ಹಾಕಿಸಿಕೊಳ್ಳಿ. ನಾಲ್ಕು ವರ್ಷದ ನಂತರ ವಿದೇಶದ ಅರ್ಜಿಗೆ ಕ್ಲಿನಿಕಲ್ ಗಂಟೆಗಳ ಲೆಕ್ಕ ಕೇಳಿದಾಗ ಅದೇ ನಿಮ್ಮ ಆಧಾರ. ಸಿಲೆಬಸ್ ಪುಸ್ತಕವನ್ನೂ ಬಿಸಾಡಬೇಡಿ, ಎಚ್‌ಸಿಪಿಸಿಯಂಥ ಸಂಸ್ಥೆಗಳು ಯಾವ ವಿಷಯ ಎಷ್ಟು ಗಂಟೆ ಓದಿದ್ದೀರಿ ಎಂದು ನೋಡುತ್ತವೆ.

ಕೊನೆಯದಾಗಿ ಹೆಸರಿನ ವಿಷಯ. ನಮ್ಮ ಹೊರನಾಡಿನ ಮಕ್ಕಳಿಗೆ ಇದೇ ದೊಡ್ಡ ತೊಡಕು. ಮಹಾರಾಷ್ಟ್ರದ ಮಾರ್ಕ್ಸ್‌ಕಾರ್ಡಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು, ಕೆಲವೊಮ್ಮೆ ಅಮ್ಮನದ್ದೂ. ಊರಿನಲ್ಲಿ ಓದಿದ್ದರೆ ಟಿ.ಸಿ.ಯಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಮೂರನೆಯ ರೀತಿ. ಪರೀಕ್ಷಾ ಕೇಂದ್ರದವರು ಗುರುತಿನ ಚೀಟಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು ಎನ್ನುತ್ತಾರೆ. ಡೇಟಾಫ್ಲೋದವರು ವ್ಯತ್ಯಾಸ ಕಂಡರೆ ತಡೆಹಿಡಿಯುತ್ತಾರೆ. ಹಾಗಾಗಿ ಡಿಗ್ರಿಗೆ ಸೇರುವ ದಿನವೇ ಪಾಸ್‌ಪೋರ್ಟಿನ ಹೆಸರನ್ನು ಎದುರಿಗಿಟ್ಟುಕೊಂಡು ಫಾರ್ಮ್ ತುಂಬಿ. ಹಳೆಯ ಕಾಗದದಲ್ಲಿ ಬೇರೆ ಇದ್ದರೆ ಗೆಜೆಟ್‌ನಲ್ಲಿ ಹೆಸರು ಸರಿಪಡಿಸಿಕೊಳ್ಳಿ, ಮೊದಲ ವರ್ಷದ ಪರೀಕ್ಷೆಯ ಫಾರ್ಮ್ ತುಂಬುವ ಮೊದಲೇ.